ಮೊಳಕ್ಕೆ ಮೊಳ ಕೂಡಿದರೆ

ಎಸ್.ಪಿ. ರೋಡಿನ ಮೂರನೇ ಮಹಡಿಯಲ್ಲಿ,
ಕೆಳಗೆ ಯಾರೋ ಹಳೇ ಕಂಪ್ಯೂಟರು ಬಿಚ್ಚುವ ಸದ್ದಿನ ನಡುವೆ,
ಒಂದು ಮಧ್ಯಾಹ್ನ ನಾನು ಕೂಡುವ ಚಿಹ್ನೆಯ ಅರ್ಥ ಬದಲಿಸಿದೆ.

ಕದ್ದುಮುಚ್ಚಿ ಅಲ್ಲ. ಭಾಷೆಯೇ ಕೊಟ್ಟ ಅಪ್ಪಣೆ:
ನಿನ್ನದೇ ಒಂದು ವಸ್ತು ಕಟ್ಟಿಕೋ,
ಅವೆರಡರ ನಡುವೆ ನಿಂತಾಗ ಈ ಅಡ್ಡಗೆರೆ ಉದ್ದಗೆರೆ
ಏನು ಮಾಡಬೇಕೆಂದು ನೀನೇ ಹೇಳು.
ಬರಿಯ ಎರಡು, ಬರಿಯ ಮೂರರ ತಂಟೆಗೆ ಮಾತ್ರ ಹೋಗಬೇಡ,
ನೀನು ತಲೆಕೆಳಗಾಗಿ ನಿಂತರೂ ಅವು ಐದೇ.

ನಾನು ಕಟ್ಟಿದ್ದು ಮೊಳ.
ಮಾರ್ಕೆಟ್ಟಿನ ಪಿಳ್ಳಮ್ಮನ ಹೂವಂಗಡಿಗೆ ಬಿಲ್ಲಿನ ಪ್ರೋಗ್ರಾಮು,
ಮುಂಗಡ ನಾಲ್ಕು ಸಾವಿರ, ಹೋದಾಗೆಲ್ಲ ಒಂದು ತುಂಡು ಕಾಕಡ.
ಬುಟ್ಟಿ ಎಣಿಸುವಾಗ ಒಂದು ಅನ್ನದವಳು ಅವಳು,
ಲಾಭ, ಎರಡು, ಮೂರು.

ಮೊದಲ ದಿನವೇ ಸಿಕ್ಕಿಹಾಕಿಕೊಂಡೆ. ಯಾರ ಮೊಳ?
ಪಿಳ್ಳಮ್ಮನ ಮೊಣಕೈಯಿಂದ ನಡುಬೆರಳ ತುದಿಗೆ ಒಂದಳತೆ,
ಸೊಸೆ ರತ್ನಿಯದು ಎರಡು ಬೆರಳು ಕಡಿಮೆ,
ಇಬ್ಬರಿಗೂ ಜಗಳವಾದ ದಿನ ಮೂರು.
ಹಾಗಾಗಿ ನನ್ನ ಮೊಳಕ್ಕೆ, ಕೈ ಯಾರದೆಂಬ ನೆನಪು ಕೊಟ್ಟೆ.

ಆಮೇಲೆ ಕೊಸರು.
ಮೊಳಕ್ಕೆ ಮೊಳ ಕೂಡಿದರೆ ಎರಡು ಮೊಳವಲ್ಲ,
ಎರಡು ಮೊಳ, ಮೇಲೊಂದಿಷ್ಟು.
ಎಷ್ಟು? ಎಂದೆ.
ಒಂದಿಷ್ಟು, ಎಂದಳು.
ನಾಲ್ಕು ಬೆರಳು ಎಂದು ಬರೆದುಕೊಂಡೆ.

ಬೋಣಿಗೆ ಬಂದವನ ಹಿಂದೆ ನೀನು ಬಂದರೆ ಒಂದು ದರ,
ನಿನ್ನ ಹಿಂದೆ ಅವನು ಬಂದರೆ ಇನ್ನೊಂದು.
ಸ್ಥಳ ಬದಲಿಸಿದರೂ ಮೊತ್ತ ಬದಲಾಗದು ಎಂದು
ನೂರು ಸಲ ಬರೆಸಿದ ಮೇಷ್ಟ್ರು ನೆನಪಾಗಿ ನಗು ಬಂತು.
ರಾತ್ರಿ ಒಂಬತ್ತಕ್ಕೆ ಮೊಳ ಅರ್ಧ ಬೆಲೆಗಿಳಿಯುತ್ತದೆ,
ಮೋಡ ಕವಿದರೆ ಏಳಕ್ಕೇ.
ಎಲ್ಲವನ್ನೂ ಆ ಒಂದು ಚಿಹ್ನೆಯೊಳಗೆ ತುರುಕಿದೆ,
ಕಲಾಸಿಪಾಳ್ಯದ ಕೊನೇ ಬಸ್ಸಿಗೆ ಜನ ತುರುಕಿದಂತೆ.

ತಬಸ್ಸುಮ್ ಕೋಡು ಓದಿ ಕನ್ನಡಕ ತೆಗೆದಿಟ್ಟಳು.
"ಇದು ಕೂಡೋದೇನೇ? ಇದು ಸಂಸಾರ.
ನಾಳೆ ಯಾವನೋ ಹೊಸಬ ಬರ್ತಾನೆ, ಪ್ಲಸ್ ನೋಡ್ತಾನೆ,
ಪ್ಲಸ್ ಅಂತಲೇ ನಂಬ್ತಾನೆ ಪಾಪ."

ನಮ್ಮ ಮಾತೇ ಹಾಗಲ್ಲವೇನೇ, ಎಂದೆ.
ಹೊಲದಲ್ಲೂ ಕಳೆ, ಮದುಮಗಳ ಮುಖದಲ್ಲೂ ಕಳೆ,
ಬಸ್ಸಲ್ಲಿ ಪರ್ಸು ಕಳೆಯುತ್ತೆ, ಸಿಗ್ನಲ್ಲಲ್ಲಿ ಹೊತ್ತು ಕಳೆಯುತ್ತೆ,
ಹತ್ತರಲ್ಲಿ ನಾಲ್ಕೂ ಕಳೆಯುತ್ತೆ.
ಪಕ್ಕದ ಟೇಬಲ್ಲಿನ ಹುಬ್ಬಳ್ಳಿಯ ಬಸಲಿಂಗಪ್ಪ 'ಕೂಡ್ರಿ' ಅಂದರೆ
ನಾವು ಲೆಕ್ಕ ಮಾಡ್ತೀವಾ? ಕುರ್ಚಿ ಎಳ್ಕೋತೀವಿ.

"ಮಾತಾಡೋವಾಗ ಮುಖ ಕಾಣತ್ತೆ.
ಕೋಡಲ್ಲಿ ಮುಖ ಎಲ್ಲಿದೆ ತೋರ್ಸು."
ಉತ್ತರ ಹೊಳೆಯಲಿಲ್ಲ. ಕಾಫಿ ಬಂತು, ಬೈ-ಟೂ.
ಒಂದನ್ನು ಎರಡರಿಂದ ಭಾಗಿಸಿದರೆ ಈ ಊರಲ್ಲಿ
ಮುಕ್ಕಾಲು, ಮುಕ್ಕಾಲು.

ಮೂರು ವಾರ ಓಡಿತು.
ಬಂದವರಿಗೆಲ್ಲ ನಾಲ್ಕೇ ಬೆರಳು ಕೊಸರು,
ಚೀಟಿಯ ಮೇಲೆ ಮುದ್ರಿಸಿ.
ಜನ ಕೈಬೆರಳಿಟ್ಟು ಅಳೆಯತೊಡಗಿದರು.
ಒಬ್ಬ ವಕೀಲರಂತೂ ಮೂರೂವರೆ ಇದೆಯೆಂದು
ಕನಕಾಂಬರ ಹಿಡಿದುಕೊಂಡೇ ವಾದಕ್ಕೆ ನಿಂತರು.
ಪಿಳ್ಳಮ್ಮ ಆ ಚೀಟಿ ತಂದು ನನ್ನ ಅಂಗೈಯಲ್ಲಿಟ್ಟಳು.
"ಬರೆದ್ಮೇಲೆ ಅದು ಬಾಕಿ ಕಣಮ್ಮ, ಕೊಸರಲ್ಲ."

ಆ ರಾತ್ರಿ ಹನ್ನೊಂದು ಸಾಲು ಅಳಿಸಿದೆ.
ಮೊಳಕ್ಕೆ ಮೊಳ ಕೂಡಿದರೆ ಈಗ ಎರಡು ಮೊಳ.
ಹೊಸಬ ಬಂದರೂ ಓದಬಹುದು. ಟೆಸ್ಟುಗಳೆಲ್ಲ ಹಸಿರು.
ಬೆಳಿಗ್ಗೆ ನಾಲ್ಕಕ್ಕೆ, ಹಳದಿ ಬಲ್ಬಿನಡಿ,
ಪಿಳ್ಳಮ್ಮ ಮೊಳ ಹಾಕುತ್ತಾಳೆ, ಕತ್ತರಿಸುವ ಮುನ್ನ
ಗಿರಾಕಿಯ ಮುಖ ಒಂದು ಸಲ ನೋಡುತ್ತಾಳೆ,
ಬೆರಳು ಅಷ್ಟು ದೂರ ಜಾರುತ್ತದೆ.

ತಿಂಗಳ ಕೊನೆಗೆ ದಾಸ್ತಾನಿನ ಲೆಕ್ಕ ಕೂಡಿ ಬರುವುದಿಲ್ಲ.
ಇಪ್ಪತ್ತು ಮೂವತ್ತು ಮೊಳ ಎಲ್ಲೋ ಹೋಗಿರುತ್ತದೆ.
ತಬಸ್ಸುಮ್ ಅದಕ್ಕೊಂದು ಕಾಲಂ ಮಾಡಿದ್ದಾಳೆ.
ಹೆಸರೇನು ಕೊಡಲಿ, ಎಂದು ಕೇಳಿದಳು.
ಖಾಲಿ ಬಿಡು, ಎಂದೆ.