ಬುಡದೆಲೆ

ಏಪ್ರಿಲ್. ಮೊಖೋಟ್ಲಾಂಗ್ ಗುಡ್ಡಕ್ಕೆ ಆಗಲೇ ಚಳಿ,
ಗಾಂಜಾ ಕೊಯ್ಲಿಗೆ ಇನ್ನು ಹತ್ತೇ ದಿನ.
ಬುಡದೆಲೆ ಹಳದಿ ತಿರುಗಿದ್ದು ಕಂಡು
ಬಾಟಲಿ ಹಿಡಿದು ಓಡಿ ಬಂದ ತ್ಸೆಲಿಸೊ:
ಸಾರಜನಕ ಸಾಲದು, ಇವತ್ತೇ ಹಾಕಬೇಕು.

ಮಥುಸೊ ಕಂಬಳಿ ಸರಿಸಿ ಕೂತಳು.
ಎಲೆಯ ಬೆನ್ನು ತಿರುವಿದಳು. ನುಸಿಯಿಲ್ಲ, ಬಲೆಯಿಲ್ಲ,
ಅಂಚು ಸುಟ್ಟಿಲ್ಲ,
ನರದಿಂದ ತುದಿಯವರೆಗೂ ಒಂದೇ ಬಣ್ಣ.
ಹಸಿವಲ್ಲ ಮಗಾ ಇದು,
ಕೆಳಗಿನದನ್ನೆಲ್ಲ ಮೇಲಕ್ಕೆ ಸಾಗಿಸಿ
ಮನೆ ಖಾಲಿ ಮಾಡ್ತಿದೆ ಗಿಡ.
ಹೊರಟು ನಿಂತವಳ ತಟ್ಟೆಗೆ
ಈಗ ಯಾಕೆ ಅನ್ನ?

ಏಳಬೇಕು, ಅಷ್ಟರಲ್ಲಿ ಕೈ ನಿಂತಿತು
ಎಲ್ಲಕ್ಕಿಂತ ದಪ್ಪ ತೆನೆಯ ಮೇಲೆ:
ಹಸಿರಿನ ನಡುವೆ ಒಂದೇ ಒಂದು
ಒಣಗಿದ ಪುಟ್ಟೆಲೆ.
ಮುಟ್ಟಿದ್ದಷ್ಟೇ, ಬೆರಳಿಗೆ ಬಂತು.
ಬಿಡಿಸಿದರೆ ಒಳಗೆಲ್ಲ ಬೂದು ಬೂಷ್ಟು.

ಕತ್ತರಿ, ಅಂದಳು
ಬಾಟಲಿಯ ಕಡೆ ನೋಡದೆ.