ಮೇಸ್ತ್ರಿ ಬರುವ ಮೊದಲು

ಸೋಮವಾರ ಏಳಕ್ಕೆ ಬರುತ್ತೇನೆ ಎಂದಿದ್ದಾರೆ ಶೇಕಬ್ಬ ಮೇಸ್ತ್ರಿ.
ಅಷ್ಟರಲ್ಲಿ ಅಡುಗೆಕೋಣೆ ಖಾಲಿ ಆಗಬೇಕು.
"ಒಂದು ಸೌಟು ಸಹ ಇರಬಾರದು ಅಕ್ಕ,
ಧೂಳಿಗೆ ನಾಚಿಕೆ ಇಲ್ಲ."

ಕೆಂಪು ಸೀಮೆಸುಣ್ಣದಲ್ಲಿ
ಒಡೆಯುವ ಗೋಡೆಗೊಂದು ಗುಣಿಸು ಚಿಹ್ನೆ ಹಾಕಿ ಹೋದರು.
ಆ ಗೋಡೆಗೆ ಬೆನ್ನು ಕೊಟ್ಟೇ
ಹದಿನೇಳು ವರ್ಷ ಬೀಡಿ ಕಟ್ಟಿದ್ದು ನಾನು.
ತಲೆಯ ಎಣ್ಣೆ ಇಳಿದು ಅಲ್ಲೊಂದು ಮಬ್ಬು ಕಲೆ ಉಂಟು,
ಮೂರು ಸಲ ಪೇಂಟು ಹೊಡೆದರೂ ಮೇಲೆ ಬರುತ್ತದೆ.
ಚಿಹ್ನೆ ಸರಿಯಾಗಿ ಅದರ ಮೇಲೇ ಬಿದ್ದಿದೆ,
ಟೀಚರು ನನ್ನ ಲೆಕ್ಕ ತಪ್ಪೆಂದು ಗೀಚಿದ ಹಾಗೆ.

ಶುರು ಮಾಡಿದ್ದು ಅಟ್ಟದಿಂದ.
ಮುಚ್ಚಳವಿಲ್ಲದ ಎಂಟು ಡಬ್ಬಿ,
ಡಬ್ಬಿಯಿಲ್ಲದ ಐದು ಮುಚ್ಚಳ,
ಆಗುವುದಿಲ್ಲ ಎಂದು ಗೊತ್ತಿದ್ದೂ ಒಂದೊಂದನ್ನೇ ತಿರುಗಿಸಿ ನೋಡಿದೆ
ಸಂಬಂಧ ಕುದುರಿಸುವ ದೊಡ್ಡಮ್ಮನ ಹಾಗೆ.
ನೀರ್‌ದೋಸೆಯ ಕಾವಲಿ, ಪುಂಡಿ ಬೇಯಿಸುವ ತೊಂದೂರು,
ಅದರಡಿಗೆ
ಬೀಡಿ ಎಲೆ ಕತ್ತರಿಸುವ ತಗಡಿನ ಅಳತೆ.

"ಅದು ಯಾಕೆ ಇನ್ನು?" ಎಂದರು ಇವರು.
ಎಸೆಯುವ ಗೋಣಿಗೆ ಹಾಕಿದೆ.
ಮಧ್ಯಾಹ್ನ ತೆಗೆದೆ.
ಸಂಜೆ ಮತ್ತೆ ಹಾಕಿದೆ.
ಈಗ ಎಲ್ಲಿ ಉಂಟು ಎಂದು ಕೇಳಬೇಡಿ.

ಆಮೇಲೆ ಪಟ್ಟಿ, ಕ್ಯಾಲೆಂಡರಿನ ಹಿಂಬದಿ.
ಗ್ಯಾಸಿನ ಒಲೆ ಹಿಂದಿನ ಜಗಲಿಗೆ.
ಕುಚ್ಚಲಕ್ಕಿಯ ಡ್ರಮ್ಮು ಅತ್ತಾವರಕ್ಕೆ, ನಾದಿನಿ ವಾರಿಜಳಲ್ಲಿಗೆ.
ಉಪ್ಪಿನಕಾಯಿ ಭರಣಿ ಮಂಚದ ಅಡಿಗೆ, ಯಾರೂ ಕಾಲು ಚಾಚಬಾರದು.
ಫ್ರಿಜ್ಜು?

ಫ್ರಿಜ್ಜಿಗೆ ಕರೆಂಟು ಬೇಕು. ಬಾಗಿಲು ಅಗಲ ಬೇಕು.
ಜೆಪ್ಪುವಿನ ನಮ್ಮ ಓಣಿಯಲ್ಲಿ
ಮೆಟ್ಟಿಲಿಲ್ಲದ ಮನೆ ಒಂದೇ,
ಐರಿನ್ ಬಾಯಿಯದು.

ಆರು ವರ್ಷದಿಂದ ಮಾತಿಲ್ಲ.
ನಮ್ಮ ಗೆಂದಾಳಿ ಅವರ ಹಂಚಿನ ಮೇಲೆ ಬಿದ್ದದ್ದು ಒಂದು,
ಅವರ ಸಾಬೂನಿನ ನೀರು ನಮ್ಮ ಬಸಳೆ ಚಪ್ಪರಕ್ಕೆ ಹರಿದದ್ದು ಇನ್ನೊಂದು,
ಯಾವುದು ಮೊದಲು ಎಂದು ಇಬ್ಬರಿಗೂ ಮರೆತಿದೆ.
ಸಿಟ್ಟನ್ನು ಮಾತ್ರ ದಿನಾ ಒರೆಸಿ ಇಟ್ಟಿದ್ದೇವೆ
ಶೋಕೇಸಿನ ಗಾಜಿನ ಗ್ಲಾಸಿನಂತೆ.

ಶನಿವಾರ ರಾತ್ರಿ ಅವರ ಗೇಟಿನ ಹತ್ತಿರ ನಿಂತೆ.
ತೇರ್ಸ್ ಮುಗಿಯಲಿ ಎಂದು ಕಾದೆ,
ಕೊನೆಯ ಆಮೆನ್ ಕೇಳಿದ ಮೇಲೆ
ಚಿಲಕ ಅಲುಗಿಸಿದೆ.
"ಒಂದು ತಿಂಗಳ ಮಟ್ಟಿಗೆ ಐರಿನ್ ಬಾಯಿ, ನಮ್ಮ ಫ್ರಿಜ್ಜು..."
"ಒಂದು ಬಾಗಿಲಿನದ್ದಾ, ಎರಡರದ್ದಾ?"
ಅಷ್ಟೇ.

ಇವತ್ತು ನಾಲ್ಕು ಜನ ಸೇರಿ ಹೊತ್ತರು,
ಮಲಗಿಸಬಾರದು ಎಂದು ನೆಟ್ಟಗೆ, ಇಷ್ಟಿಷ್ಟೇ,
ಕಾಂಪೌಂಡು ಕುಸಿದ ಜಾಗದಲ್ಲಿ ದಾಟಿಸಿದರು.
(ಆ ಕುಸಿದ ಕಲ್ಲು ಯಾರು ಕಟ್ಟಿಸಬೇಕು ಎಂಬುದು ಮೂರನೆಯ ಜಗಳ.)
ಒಳಗೆ ನಿನ್ನೆಯ ಬಂಗುಡೆ ಪುಳಿಮುಂಚಿ ಉಳಿದದ್ದು ನನಗೆ ನೆನಪೇ ಇಲ್ಲ.
ಐರಿನ್ ಬಾಯಿ ಮುಚ್ಚಳ ಎತ್ತಿದರು,
ಬೆರಳು ಅದ್ದಿ ನೆಕ್ಕಿದರು,
"ಹುಳಿ ಕಡಿಮೆ" ಎಂದರು.
ಆರು ವರ್ಷದಲ್ಲಿ ಅವರು ನನಗೆ ಹೇಳಿದ ಎರಡನೆಯ ಮಾತು.

ಈಗ ರಾತ್ರಿ. ಅಡುಗೆಕೋಣೆಯಲ್ಲಿ ಏನೂ ಇಲ್ಲ.
ನಾನು ಕೆಮ್ಮಿದರೆ ಇನ್ನೊಬ್ಬಳು ಕೆಮ್ಮುತ್ತಾಳೆ.
ಫ್ರಿಜ್ಜು ಇದ್ದಲ್ಲಿ ಚೌಕದ ಧೂಳು,
ಎರಡು ಒಣಸಿಗಡಿ,
ಮಗಳು ಬಿಕ್ಕಿ ಬಿಕ್ಕಿ ಅತ್ತು ಹುಡುಕಿದ್ದ
ಒಂದು ಜುಮುಕಿ. ಅವಳ ಮಗಳಿಗೇ ಈಗ ಕಿವಿ ಚುಚ್ಚಿಯಾಗಿದೆ.

ಗೋಡೆಗೆ ಬೆನ್ನು ಕೊಟ್ಟು ಕೂತೆ,
ಕಲೆ ಇದ್ದಲ್ಲೇ, ತಲೆ ಇಡುತ್ತಿದ್ದಲ್ಲೇ.
ಬೆರಳುಗಳು ತಾವಾಗಿ
ಇಲ್ಲದ ಎಲೆಯನ್ನು ಸುರುಳಿ ಸುತ್ತಿದವು.
ಆಚೆ ಮನೆಯಿಂದ ನಮ್ಮ ಫ್ರಿಜ್ಜು
ಗುರ್ರೆಂದು ಶುರುವಾಗುವುದು, ನಿಲ್ಲುವುದು ಕೇಳುತ್ತದೆ.

ನಾಳೆ ಚಹಾದ ಹಾಲಿಗೆ ಅಲ್ಲಿಗೇ ಹೋಗಬೇಕು.
ಸೀರೆಯ ಬೆನ್ನಿಗೆಲ್ಲ ಕೆಂಪು ಸೀಮೆಸುಣ್ಣ ಅಂಟಿದ್ದರೆ
ನನಗೆ ಕಾಣುವುದಿಲ್ಲ,
ಐರಿನ್ ಬಾಯಿ ಹೇಳಿಯಾರು.