ಬಣ್ಣ ಬಿಡುವ ಮೀನು

ನಾಕೋನ್ ಪಾಥೋಮಿನ ಹಳೆ ಮಾರುಕಟ್ಟೆಯ ಹಿಂದೆ
ನನ್ನದೊಂದು ಕೂದಲಂಗಡಿ.
ಎರಡು ಕುರ್ಚಿ, ಗೊರಗುಟ್ಟುವ ಫ್ಯಾನು,
ಗೋಡೆಯಗಲ ಕನ್ನಡಿ.

ಸೊಂಗ್‌ಕ್ರಾನ್ ಹಬ್ಬದ ನೀರು ಬೀದಿಯಲ್ಲಿ ಆರುವ ಮೊದಲೇ
ಮೀನು ಸಾಕುವ ಚಲೂಯ್ ಮಾವ ಬಂದು
ತಲೆಗೆ ಕಪ್ಪು ಹಚ್ಚಿಸಿಕೊಂಡು
ಚಿಲ್ಲರೆ ಇಲ್ಲ ರಂಪೈ, ಇದನ್ನಿಟ್ಟುಕೋ ಎಂದು
ಬಾಟಲಿಯೊಂದನ್ನು ಬಾಚಣಿಗೆಗಳ ನಡುವೆ ಇಟ್ಟುಹೋದ.
ಪ್ಲಾ ಕಾಟ್. ಕಚ್ಚುವ ಮೀನು.
ಮಸಿಕುಡಿಕೆಗೆ ಮಧ್ಯಾಹ್ನದ ಬಿಸಿಲು ಬಿದ್ದಂಥ ನೀಲಿ.
ಬಾಲ ಬಿಚ್ಚಿದರೆ ಬಾಟಲಿಯೇ ಸಾಲದು.

ಹನ್ನೊಂದನೆಯ ದಿನ ನೋಡುತ್ತೇನೆ,
ಹತ್ತು ಸಲ ಒಗೆದ ಲುಂಗಿಯಂತಾಗಿದ್ದಾನೆ.
ಮೈಯುದ್ದಕ್ಕೂ ಎರಡು ಗೆರೆ,
ಸ್ಲೇಟಿನ ಮೇಲೆ ಒದ್ದೆ ಬೆರಳು ಎಳೆದ ಹಾಗೆ.

ಉಪ್ಪು ಹಾಕು ಎಂದಳು ಪ್ರಾಂಗ್ತಿಪ್ ಟೀಚರು
ಅರ್ಧ ತಲೆ ಕತ್ತರಿಸಿಕೊಂಡೇ ಎದ್ದು ಬಂದು.
ಮಗನ ಕೆಮ್ಮಿನ ಮಾತ್ರೆ ಪುಡಿಮಾಡಿ ಹಾಕು ಎಂದಳು ಇನ್ನೊಬ್ಬಳು.
ಲಾಟರಿ ಮಾರುವ ಸಾಯ್‌ಬುವಾ ಮಾತ್ರ
ಗೆರೆಗಳನ್ನು ಎರಡೆರಡು ಸಲ ಎಣಿಸಿ
ತನ್ನ ಕಟ್ಟಿನಿಂದ ತಾನೇ ಒಂದು ಚೀಟಿ ಕೊಂಡಳು.
(ಬರಲಿಲ್ಲ.)

ಬಣ್ಣ ಹೋದದ್ದಕ್ಕೆ ನನ್ನ ಹತ್ತಿರ ಮದ್ದಿದೆ:
ಒಂದನೇ ನಂಬರಿನ ಟ್ಯೂಬು, ಬ್ರಶ್ಶು, ನಲವತ್ತು ನಿಮಿಷ.
ಮೀನಿಗೆ ಹಚ್ಚುವುದೆಲ್ಲಿಗೆ?

ಚಲೂಯ್ ಮಾವ ಬಂದವನು ಮೀನನ್ನು ನೋಡಲೇ ಇಲ್ಲ.
ನೀರಿಗೆ ಬೆರಳದ್ದಿ ಮೂಗಿಗೆ ಹಿಡಿದ.
ಆಮೇಲೆ ಮಂಡಿಯೂರಿ, ಬಾಟಲಿಯ ಪಕ್ಕ ಗಲ್ಲವಿಟ್ಟು
ಮೀನು ನೋಡುವಲ್ಲಿಗೇ ನೋಡಿದ.
ಕನ್ನಡಿಯಲ್ಲಿ ಇಬ್ಬರು ಮುದುಕರು, ಎರಡು ಮೀನು.

"ಬೆಳಗಿನಿಂದ ಎಷ್ಟು ಜಗಳ ಆಡಿದ್ದಾನೆ, ಲೆಕ್ಕ ಇಟ್ಟಿದ್ದೀಯಾ?
ಎದುರಿನವನು ಸೋಲುವುದಿಲ್ಲ, ಇವನು ಬಿಡುವುದಿಲ್ಲ.
ನೀನು ಬಾಗಿಲು ಹಾಕಿಕೊಂಡು ಹೋದರೂ
ಬೀದಿದೀಪ ಇದೆಯಲ್ಲ."

ನಾನು ಹನ್ನೆರಡು ವರ್ಷದಿಂದ ಆ ಕನ್ನಡಿಯ ಎದುರು ನಿಂತವಳು.
ಏನೂ ಹೇಳಲಿಲ್ಲ.

ಬಾಟಲಿ ಹಿಂದಿನ ಕೋಣೆಗೆ ಹೋಯಿತು, ಅನ್ನದ ಪಾತ್ರೆಯ ಮೇಲಿನ ಹಲಗೆಗೆ.
ಮೂರರಲ್ಲೊಂದು ಪಾಲು ನೀರು ತೆಗೆದು
ರಾತ್ರಿಯಿಡೀ ಬಕೆಟ್ಟಿನಲ್ಲಿ ತಂಗಿದ ನೀರು ಸುರಿದೆ.
ದೇವಾಲಯದ ಅಂಗಳದಿಂದ ಆರಿಸಿ ತಂದ
ಕಾಡುಬಾದಾಮಿಯ ಒಣ ಎಲೆಯೊಂದನ್ನು ಬಿಟ್ಟೆ.
ನೀರು ಮೆಲ್ಲಗೆ ತಿಳಿ ಚಹಾ ಆಯಿತು.
ಹೆಚ್ಚು ಉಣಿಸಬೇಡ ಎಂದಿದ್ದ, ಅದೇ ಕಷ್ಟವಾಯಿತು.

ಒಂಬತ್ತನೆಯ ಬೆಳಗ್ಗೆ ಗೆರೆ ಇರಲಿಲ್ಲ.
ನೀಲಿ ಬಂದಿತ್ತು, ಆದರೆ ಗಲ್ಲದಡಿ ಹಾಗೇ ಬಿಳಿ.
ಮುಂದಿನ ವಾರ ಒಂದು ರೆಕ್ಕೆ. ಅದರ ಮುಂದಿನ ವಾರ ಅರ್ಧ ಬಾಲ.
ಓಡಿದೆ, ಸೈಕಲ್ ತುಳಿದುಕೊಂಡು, ಏಪ್ರನ್ನಿನಲ್ಲೇ,
ಸಾಲುಸಾಲು ಬಾಟಲಿ, ನಡುನಡುವೆ ರಟ್ಟು ನಿಲ್ಲಿಸಿದ ಅವನ ಶೆಡ್ಡಿಗೆ.

ನಕ್ಕ. "ತಿನ್ನುತ್ತಾನಾ?
ಬೆಳಗ್ಗೆ ನೀರ ಮೇಲೆ ನೊರೆಗೂಡು ಕಟ್ಟುತ್ತಾನಾ?
ಹಾಗಾದರೆ ಬಿಡು, ಅದು ಅಪ್ಪನ ಕಡೆಯದು.
ಅವನಪ್ಪ ನನ್ನ ಕೈಯಲ್ಲೇ ನಾಲ್ಕು ಬಣ್ಣ ಬದಲಿಸಿ ಸತ್ತ.
ಗೆರೆ ಸಂಕಟದ್ದು. ಬಿಳಿ ಅವನದೇ."

ಈಗ ಗಿರಾಕಿಗಳು ಒಳಗೆ ಇಣುಕಿ ಕೇಳುತ್ತಾರೆ,
ಆ ನೀಲಿ ಮೀನು ಎಲ್ಲಿ?
ಅಲ್ಲೇ ಇದ್ದಾನೆ ಅಂದರೆ ನಂಬುವುದಿಲ್ಲ.

ನಿನ್ನೆ ಚಲೂಯ್ ಮಾವ ಬಂದಿದ್ದ. ಬುಡದಲ್ಲಿ ಬೆರಳಗಲ ಬಿಳಿ.
ಕೇಳಿದೆ: ಬರೀ ಕತ್ತರಿಸಲಾ?
"ಹುಚ್ಚಾ! ಭಾನುವಾರ ಬೀಗರು ಬರುತ್ತಾರೆ,
ಬುಡದಿಂದ ಹಚ್ಚು."
ಹಚ್ಚಿದೆ. ಪ್ಲಾಸ್ಟಿಕ್ ಹಾಳೆ ಸುತ್ತಿ
ಕುರ್ಚಿಯನ್ನು ಕನ್ನಡಿಯಿಂದ ತಿರುಗಿಸಿ
ಹಿಂದಿನ ಕೋಣೆಯ ಬಾಗಿಲಿಗೆ ಮುಖ ಮಾಡಿ ಕೂರಿಸಿದೆ,
ನಲವತ್ತು ನಿಮಿಷ.

ಅಲ್ಲಿ ಹಲಗೆಯ ಮೇಲೆ ಇವನು
ಚಹಾದಂಥ ನೀರಿನಲ್ಲಿ ಅರ್ಧ ಬಿಳಿಯಾಗಿ
ಯಾರ ಜೊತೆಗೂ ಜಗಳವಿಲ್ಲದೆ
ಗುಳ್ಳೆ ಮೇಲೆ ಗುಳ್ಳೆ ಇಡುತ್ತಿದ್ದ.
ಮಾವ ನೋಡುತ್ತಲೇ ಇದ್ದ.
ಗಂಟೆ ಬಾರಿಸಿದ್ದು ಅವನಿಗೆ ಕೇಳಿಸಲಿಲ್ಲ.